ಸತ್ತವರ ಸಹಿ ನೋಡುತ್ತಿದ್ದವರು

ಪ್ರಾಮಿಸರಿ ನೋಟು ಕೈಗೆ ಬಂದ ಕೂಡಲೇ ಅವರು ಮೊದಲು ಅದನ್ನು ತಲೆಕೆಳಗು ಮಾಡುತ್ತಿದ್ದರು. ಸಾಲ ಎಷ್ಟು, ಯಾರು ಯಾರಿಗೆ ಬರೆದುಕೊಟ್ಟದ್ದು, ತಾರೀಖು ಯಾವುದು, ಒಂದನ್ನೂ ಓದುತ್ತಿರಲಿಲ್ಲ. ರೆವಿನ್ಯೂ ಸ್ಟಾಂಪಿನ ಮೇಲೆ ಅಡ್ಡಲಾಗಿ ಮಾಡಿದ ಸಹಿಯನ್ನು ಬುಡಮೇಲಾಗಿ ಹಿಡಿದು ನೋಡುತ್ತ ಕೂತುಬಿಡುತ್ತಿದ್ದರು. ಎದುರಿಗೆ ಕೂತ ಪಕ್ಷಗಾರ, ವಕೀಲರಿಗೆ ತಲೆ ನೆಟ್ಟಗಿದೆಯೋ ಇಲ್ಲವೋ ಎಂಬಂತೆ ನನ್ನ ಕಡೆ ನೋಡುತ್ತಿದ್ದ.

"ನೆಟ್ಟಗ ಹಿಡದ್ರ ಹೆಸರು ಕಾಣಸ್ತೈತಿ. ಹೆಸರು ಯಾಂವ ಬೇಕಾದಾಂವ ಬರೀತಾನ. ಕೈ ಕಾಣಬೇಕಂದ್ರ ಹಿಂಗ ಹಿಡೀಬೇಕು," ಎನ್ನುತ್ತಿದ್ದರು. ಅದೂ ಕೇಳಿದವರಿಗೆ ಮಾತ್ರ. ಕೇಳದವರಿಗೆ ಯಾವ ವಿವರಣೆಯೂ ಇರಲಿಲ್ಲ.

ಹೋದ ವರ್ಷ ಅವರು ತೀರಿಕೊಂಡಾಗ ವಕೀಲರೆಲ್ಲ ಸೇರಿ ಶ್ರದ್ಧಾಂಜಲಿ ಸಭೆ ಮಾಡಿದೆವು. ಒಬ್ಬರು ಎದ್ದು ನಿಂತು "ಸರಳ ಸಜ್ಜನಿಕೆಯ ಸಾಕಾರಮೂರ್ತಿ" ಎಂದರು. ಇನ್ನೊಬ್ಬರು "ಅಜಾತಶತ್ರು" ಎಂದರು. ನನಗೆ ಮೈಯೆಲ್ಲ ಉರಿಯಿತು. ಹುನಗುಂದದ ಅವರ ಆಫೀಸಿನಲ್ಲಿ, ಅವರ ಮೇಜಿನ ಪಕ್ಕದ ಮೇಜಿನಲ್ಲಿ ಕೂತು ವಕೀಲಿಕೆ ಮಾಡಿ ಕೂದಲು ಬೆಳ್ಳಗಾದವಳು ನಾನು. ಎಲ್ಲಿಯ ಸರಳ, ಎಲ್ಲಿಯ ಸಜ್ಜನಿಕೆ? ಪಕ್ಷಗಾರ ಅಳತೊಡಗಿದರೆ "ಅಳೂದಿದ್ರ ಹೊರಗ ಕಟ್ಟಿ ಐತಿ, ಅತ್ತು ಮುಗಿಸಿ ಬಾ" ಎಂದು ಎಬ್ಬಿಸಿ ಕಳಿಸುವ ಮನುಷ್ಯ. ಎದುರಾಳಿ ವಕೀಲರಲ್ಲಿ ಅರ್ಧಕ್ಕರ್ಧ ಜನ ಅವರ ಜೊತೆ ಮಾತು ಬಿಟ್ಟಿದ್ದರು. ಸತ್ತವರ ಬಗ್ಗೆ ಸುಳ್ಳು ಹೇಳಬೇಡಿ ಎಂದು ಜೀವಮಾನವಿಡೀ ಕೋರ್ಟಿನಲ್ಲಿ ಗುದ್ದಾಡಿದವರ ಬಗ್ಗೆ, ಅವರು ಸತ್ತ ವಾರದಲ್ಲೇ ಇಷ್ಟು ಸುಳ್ಳು ಹೇಳಿದರಲ್ಲ ಎಂದು ಕೆಟ್ಟದೆನಿಸಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅವರ ಹತ್ತಿರ ಬರುತ್ತಿದ್ದ ಕೇಸುಗಳೆಲ್ಲ ಹೆಚ್ಚುಕಡಿಮೆ ಒಂದೇ ಜಾತಿಯವು. ಸಾಲ ಕೊಟ್ಟವನು ಸತ್ತಿರುತ್ತಾನೆ, ಇಸಿದುಕೊಂಡವನೂ ಸತ್ತಿರುತ್ತಾನೆ. ಕೊಟ್ಟವನ ಪೆಟ್ಟಿಗೆಯಲ್ಲಿ ನೋಟು ಸಿಕ್ಕಿರುತ್ತದೆ. ಅವನ ಮಕ್ಕಳು ದಾವಾ ಹಾಕುತ್ತಾರೆ. ಇಸಿದುಕೊಂಡವನ ಮಕ್ಕಳು "ಇದು ನಮ್ಮಪ್ಪನ ಸಹಿ ಅಲ್ಲ" ಎನ್ನುತ್ತಾರೆ. ಸಹಿ ಮಾಡಿದವನನ್ನು ಕೇಳೋಣವೆಂದರೆ ಅವನು ಮಣ್ಣಾಗಿದ್ದಾನೆ. ಬಾಗಲಕೋಟೆ, ಬದಾಮಿ, ಇಲಕಲ್ಲು, ಎಲ್ಲಿಯದೇ ಆಗಲಿ, ಇಂಥ ಕೇಸು ಅಂದರೆ ಜನ ಅವರ ಆಫೀಸಿನ ಮೆಟ್ಟಿಲು ಹತ್ತುತ್ತಿದ್ದರು.

ಈ ಕೆಲಸಕ್ಕೆ ಅವರು ಬಿದ್ದದ್ದು ಬಾಗಲಕೋಟೆಯಲ್ಲಿ. ಹಳೇ ಊರು ಅಣೆಕಟ್ಟಿನ ಹಿನ್ನೀರಿಗೆ ಹೋಗುವ ಕಾಲಕ್ಕೆ ಅವರಿನ್ನೂ ಹೊಸ ವಕೀಲರು. ಮನೆಗೆ, ಹೊಲಕ್ಕೆ ಪರಿಹಾರದ ಹಣ ಬಂತು. ಹಣ ಬಂದ ಬೆನ್ನಿಗೇ, ಸತ್ತು ಹೋದ ಹಿರಿಯರ ಹೆಸರಿನ ನೋಟುಗಳು ಎಲ್ಲೆಲ್ಲಿಂದಲೋ ಏಳತೊಡಗಿದವು. ಯಾವತ್ತೂ ಯಾರ ಹತ್ತಿರವೂ ಕೈ ಚಾಚದೆ ಬದುಕಿದ ಮುದುಕರು ಸತ್ತ ಮೇಲೆ ಊರ ತುಂಬ ಸಾಲಗಾರರಾದರು. ಆಗ ಒಂದು ಕೇಸಿನಲ್ಲಿ ನೋಟಿನ ಮೇಲಿನ ಸಹಿ ದುಂಡಗೆ, ಚೆಂದಾಗಿತ್ತು. ಮುದುಕ ಗಟ್ಟಿಮುಟ್ಟಾಗಿದ್ದಾಗ ಮಾಡುತ್ತಿದ್ದ ಸಹಿಗೆ ಚೂರೂ ವ್ಯತ್ಯಾಸವಿರಲಿಲ್ಲ. ಇವರು ಆ ಮನೆಗೆ ಹೋಗಿ ಗಂಡಸರನ್ನೆಲ್ಲ ಬಿಟ್ಟು ಸೊಸೆಯನ್ನು ಕರೆದರು.

"ಯವ್ವಾ, ಮಾವಗ ಊಟಕ್ಕ ನೀಡುವಾಗ ತಾಟು ಯಾ ಕಡೆ ಇಡತಿದ್ದಿ?"

"ತಾಟೆಲ್ಲಿ ಬಂತ್ರಿ. ಲಕ್ವಾ ಹೊಡದು ಬಲಗೈ ಬಿದ್ದಿತ್ತು. ಕಡೀಕ ನಾನ ಉಣಸತಿದ್ದೆ."

ನೋಟಿನ ತಾರೀಖು ಆ ಸೊಸೆ ತುತ್ತು ಮಾಡಿ ಉಣಿಸುತ್ತಿದ್ದ ದಿನಗಳದು. ಕೇಸು ಅಲ್ಲಿಗೇ ಬಿತ್ತು. ಗೆದ್ದವರು ಪೇಢೆ ತಂದರೆ ಇವರು ಮುಟ್ಟಲಿಲ್ಲವಂತೆ. "ನಿಮ್ಮಪ್ಪಗ ಉಣಸಿದಾಕಿಗೆ ಮೊದಲು ಕೊಟ್ಟ ಬರ್ರಿ" ಎಂದು ವಾಪಸು ಕಳಿಸಿದ್ದರಂತೆ. ಇದನ್ನು ಅವರು ನಗುತ್ತ ಹೇಳುತ್ತಿರಲಿಲ್ಲ. ಅವರು ನಗುವುದೇ ಕಡಿಮೆ.

ಸತ್ತವರ ಮನೆಗೆ ಹೋಗುವುದು ಅವರ ಕೆಟ್ಟ ಚಟ. ಸೂತಕ ಕಳೆದಿದೆಯೋ ಇಲ್ಲವೋ ನೋಡುತ್ತಿರಲಿಲ್ಲ. ಹೋಗಿ ಕೂತು, ಚಹಾ ಕೊಟ್ಟರೆ ಬಸಿಯಲ್ಲಿ ಹಾಕಿಕೊಂಡು ಕುಡಿದು, ಕೇಳಬಾರದ್ದನ್ನೆಲ್ಲ ಕೇಳುತ್ತಿದ್ದರು. ಅವಸರದ ಮನುಷ್ಯನೋ ಸಾವಕಾಶದವನೋ, ಕನ್ನಡಕ ಇತ್ತೋ, ಕುಡಿಯುತ್ತಿದ್ದನೋ, ಕುಡಿದರೆ ಕೈ ನಡುಗುತ್ತಿತ್ತೋ. ತುಳಸಿಗೇರಿಯಲ್ಲಿ ಒಮ್ಮೆ ಸತ್ತವನ ತಮ್ಮ ಇವರನ್ನು ಹೊಡೆಯಲಿಕ್ಕೇ ಬಂದಿದ್ದ. ನಾನು ಜೊತೆಗಿದ್ದೆ. ಹನುಮಪ್ಪನ ಗುಡಿಗೆ ಹೋಗಿ ಬರೋಣ ಎಂದು ಕರೆದುಕೊಂಡು ಹೋಗಿದ್ದರು. ಗುಡಿಯೇನೋ ಆಯಿತು, ಆಮೇಲೆ ಈ ಮನೆ. ದಾರಿಯಲ್ಲಿ ನಾನು ಬೈದೆ.

"ನಿಮಗ ಹೆಣದ ಮನಿ ಕಂಡ್ರ ಕಾಲು ನಿಲ್ಲೂದಿಲ್ಲ ನೋಡ್ರಿ ಸರ್."

"ಏನ್ಮಾಡೂದು ಬಾಯಾರ," ಎಂದರು. ನನ್ನನ್ನು ಅವರು ಕರೆಯುತ್ತಿದ್ದುದು ಹಾಗೇ. "ಅಂವ ನನ್ನ ಆಫೀಸಿಗೆ ಬರಾಂಗಿಲ್ಲಲ್ಲ. ನಾನ ಹೋಗಬೇಕು."

ಬದಾಮಿಯ ಇಬ್ಬರು ಅಣ್ಣತಮ್ಮಂದಿರ ಕೇಸನ್ನು ಮಾತ್ರ ಇಲ್ಲಿಯ ವಕೀಲರೆಲ್ಲ ಇನ್ನೂ ಹೇಳಿಕೊಳ್ಳುತ್ತಾರೆ. ಅದರಲ್ಲಿ ಇವರು ಸಾಲ ಕೊಟ್ಟವನ ಕಡೆಗಿದ್ದರು. ಅಣ್ಣ ಸಾಕ್ಷಿಕಟ್ಟೆಗೆ ಬಂದು, ಸಹಿ ನಮ್ಮಪ್ಪನದಲ್ಲ, ನಮ್ಮಪ್ಪ ಸಾಲ ಮಾಡಿದವನೇ ಅಲ್ಲ ಎಂದು ಎದೆ ಉಬ್ಬಿಸಿ ಹೇಳಿದ. ಇವರು ಪಾಟಿಸವಾಲಿಗೆ ಎದ್ದು ಏನೂ ಕೇಳಲಿಲ್ಲ. ನೋಟನ್ನು ಅವನ ಕೈಗೆ ಕೊಡಿಸಿ "ನೀಟಾಗಿ ನೋಡಪಾ" ಎಂದು ಸುಮ್ಮನೆ ನಿಂತರು. ಅವನು ನೋಡಿದ. ನೋಡುತ್ತ ನೋಡುತ್ತ, ನಮ್ಮಲ್ಲಿ ಹಿರಿಯರ ಅಕ್ಷರ ಕಂಡರೆ ಮಾಡುವಂತೆ, ಆ ಕಾಗದವನ್ನು ಎರಡೂ ಕಣ್ಣಿಗೆ ಒತ್ತಿಕೊಂಡುಬಿಟ್ಟ. ಅದು ಅವನಿಗೇ ಗೊತ್ತಾಗಲಿಲ್ಲ.

"ನಿಮ್ಮಪ್ಪಂದಲ್ಲ ಅಂತಿ. ಮತ್ತ ಯಾರದಂತ ಕಣ್ಣಿಗೆ ಹಚ್ಚಿಕೊಂಡಿ?" ಎಂದು ಇವರು ಕೇಳಿದರು. ಅವನು ಅಲ್ಲೇ ಕುಸಿದು ಕೂತ. ತಮ್ಮ ಹೊರಗೆ ಹೋಗಿ ನಿಂತ. ಅಂದು ಕೋರ್ಟು ಬಿಟ್ಟ ಮೇಲೆ ಇವರು ನೇರ ಮನೆಗೆ ಬರಲಿಲ್ಲ. ಮಹಾಕೂಟಕ್ಕೆ ಹೋಗಿ ಹೊಂಡದ ಮೆಟ್ಟಿಲ ಮೇಲೆ ಕೂತಿದ್ದು, ಕೊನೆಯ ಬಸ್ಸಿಗೆ ಬಂದರು. ಗೆದ್ದ ದಿನಗಳಲ್ಲಿ ಅವರ ಮುಖ ಸೋತ ದಿನಗಳಿಗಿಂತ ಬಿಗಿದುಕೊಂಡಿರುತ್ತಿತ್ತು.

ವಾದ ಮಾಡುವಾಗ ಅವರಿಗೆ, ನಕಲಿಗೆ ನಮ್ಮ ಕಡೆ ಹೇಳುವ "ಖೊಟ್ಟಿ" ಎಂಬ ಶಬ್ದ ಬಹಳ ಪ್ರೀತಿಯದು. ಖೊಟ್ಟಿ ಸಹಿ, ಖೊಟ್ಟಿ ಸಾಕ್ಷಿ, ಖೊಟ್ಟಿ ದಸ್ತಾವೇಜು. ಹೇಳುವಾಗ ಒಂದೊಂದು ಸಲಕ್ಕೂ ಮೇಜು ಗುದ್ದುತ್ತಿದ್ದರು. ಅವರು ಖೊಟ್ಟಿ ಎಂದದ್ದು ಖೊಟ್ಟಿಯೇ ಎಂದು ನಾನೂ ನಂಬಿದ್ದೆ, ಅವರೂ ನಂಬಿದ್ದರು.

ಇಲಕಲ್ಲಿನ ಕೇಸು ಬಂದದ್ದು ಆಮೇಲೆ. ಸಾಲ ಇಸಿದುಕೊಂಡವನು ಒಬ್ಬ ನೇಕಾರ, ನೆಲದ ಕುಣಿಯಲ್ಲಿ ಕಾಲಿಳಿಸಿ ಕೂತು ನೇಯುವ ಕುಣಿಮಗ್ಗವನ್ನು ಮನೆಯಲ್ಲೇ ಹಾಕಿಕೊಂಡವನು. ಸಾಲ ಕೊಟ್ಟವನು ಅದೇ ಓಣಿಯ ನೂಲಿನ ಅಂಗಡಿಯವನು. ಇಬ್ಬರೂ ಸತ್ತಿದ್ದರು. ನೋಟಿಗೆ ಸಾಕ್ಷಿ ಹಾಕಿದ್ದ ಮುದುಕನೂ ಹೋಗಿದ್ದ. ಉಳಿದವರು ಇಬ್ಬರು ಹೆಂಗಸರು, ನೇಕಾರನ ಹೆಂಡತಿ ಮತ್ತು ಅಂಗಡಿಯವನ ಮಗಳು. ಮಗಳಿಗೆ ಮದುವೆಯಾಗಿರಲಿಲ್ಲ, ಅಪ್ಪನ ನಂತರ ಅಂಗಡಿಯನ್ನು ಅವಳೇ ನೋಡಿಕೊಳ್ಳುತ್ತಿದ್ದಳು. ದಾವಾ ಹಾಕಿದವಳು ಅವಳು. ನೇಕಾರನ ಹೆಂಡತಿ ನಮ್ಮ ಕಡೆಗೆ ಬಂದಳು. ದಾವಾ ಸೋತರೆ ಆಕೆಯ ಮನೆ, ಮನೆಯೊಳಗಿನ ಮಗ್ಗ, ಎರಡೂ ಜಪ್ತಿಗೆ ಹೋಗುತ್ತಿದ್ದವು.

"ಇದು ನಮ್ಮವರ ಸಹಿ ಅಲ್ರಿ ಸಾಹೇಬ್ರ," ಎಂದು ಆಕೆ ನೋಟಿನ ನಕಲು ನೋಡಿದ ಕೂಡಲೇ ಹೇಳಿದ್ದಳು. ಹೇಳುವ ರೀತಿಯಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. "ನಮ್ಮವರ ಸಹಿ ನನಗ ಗೊತ್ತಿಲ್ಲೇನ್ರಿ?"

ಸರ್ ಎಂದಿನಂತೆ ತಲೆಕೆಳಗು ಮಾಡಿ ನೋಡಿದರು. ಆಕೆ ತಂದಿದ್ದ ಬ್ಯಾಂಕಿನ ಕಾಗದ, ನೇಕಾರರ ಸಂಘದ ಕಾಗದ ನೋಡಿದರು. ಅವುಗಳಲ್ಲಿ ಗಂಡನ ಸಹಿ ಒಂದೇ ಎಳೆಯಲ್ಲಿ ಹರಿದು, ಕೊನೆಗೆ ಹಿಂದಕ್ಕೆ ತಿರುಗಿ ಸಣ್ಣದೊಂದು ಕುಣಿಕೆಯಾಗಿ ನಿಲ್ಲುತ್ತಿತ್ತು. ಇಲಕಲ್ ಸೀರೆಯಲ್ಲಿ ಸೆರಗಿನ ಎಳೆಯನ್ನು ಒಡಲಿನ ಎಳೆಗೆ ಕೂಡಿಸುವಾಗ ಹಾಕುತ್ತಾರಲ್ಲ, ಆ ಕೊಂಡಿಯ ಹಾಗೆ. ನೋಟಿನ ಮೇಲಿನ ಸಹಿಯಲ್ಲಿ ಅಕ್ಷರಗಳು ಬೇರೆ ಬೇರೆಯಾಗಿ, ಒಂದೊಂದನ್ನೇ ತಂದು ಇಟ್ಟಂತೆ ಇದ್ದವು. "ಖೊಟ್ಟಿ," ಎಂದರು ಸರ್. "ಯವ್ವಾ, ನೀ ಧೈರ್ಯಲೆ ಇರು. ಇದು ಅವನ ಕೈ ಅಲ್ಲ."

ಅಂಗಡಿಯವನ ಮಗಳು ಸಾಕ್ಷಿ ಹೇಳಲು ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ನೋಟಿನ ಬರಹ ತನ್ನ ಅಪ್ಪನ ಕೈಯದೇ ಎಂದು ಹೇಳಿದಳು. ಸರ್ ಎದ್ದರು.

"ನೇಕಾರ ಸಹಿ ಮಾಡೂದನ್ನ ನೀ ಕಣ್ಣಿಲೆ ನೋಡೀಯೇನು?"

"ಇಲ್ರಿ. ಅಪ್ಪ ಹೇಳಿದ್ದ."

"ಮ್ಯಾಲಿನ ಅಕ್ಷರ ನಿಮ್ಮಪ್ಪಂದು. ಹಂಗಾದ್ರ ಕೆಳಗಿನ ಸಹಿನೂ ನಿಮ್ಮಪ್ಪನ ಮಾಡ್ಯಾನ ಅಂದ್ರ ಏನಂತಿ?"

ಅವಳು ಕಟಕಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಸಹಿ ತಜ್ಞರ ಕಡೆ ಕಳಸ್ರಿ," ಎಂದಳು ನ್ಯಾಯಾಧೀಶರ ಕಡೆ ತಿರುಗಿ. "ಖರ್ಚು ನಾ ಕೊಡತೇನಿ. ನಮ್ಮಪ್ಪ ಅಂಥಾಂವ ಅಲ್ರಿ." ಅವಳೇ ಅರ್ಜಿ ಹಾಕಿಸಿ, ಅವಳೇ ಹಣ ಕಟ್ಟಿದಳು. ಹೋಲಿಸಿ ನೋಡಲು ಸಂಘದ ಸಹಿಗಳು, ಬ್ಯಾಂಕಿನ ಸಹಿ ಹೋದವು. ಅವೆಲ್ಲ ನೇಕಾರನವೇ ಎಂದು ಎರಡೂ ಕಡೆಯವರು ಒಪ್ಪಿದ್ದೆವು. ವರದಿ ಬಂತು: ನೋಟಿನ ಮೇಲಿನ ಸಹಿ ಬೇರೆ ಕೈಯದು. ಅದನ್ನು ಓದಿ ಹೇಳಿದಾಗ ಆ ಹುಡುಗಿ, ಹುಡುಗಿ ಏನು, ನಲವತ್ತು ದಾಟಿದವಳು, ಹಿಂದಿನ ಬೆಂಚಿನಲ್ಲಿ ಎದ್ದು ನಿಂತೇ ಇದ್ದಳು. ಕೂರಲಿಕ್ಕೆ ಮರೆತಂತಿತ್ತು.

ಇನ್ನು ಉಳಿದದ್ದು ನೇಕಾರನ ಹೆಂಡತಿಯ ಸಾಕ್ಷಿ. ಗೆದ್ದ ಕೇಸು ಎಂದುಕೊಂಡೇ ಹೋದೆವು. ಗಂಡನ ಹೆಸರೇನು ಎಂದು ಕೇಳಿದರೆ ಆಕೆ ಸೆರಗು ಬಾಯಿಗೆ ಹಿಡಿದು ತಲೆ ತಗ್ಗಿಸಿದಳು. ನಮ್ಮ ಕಡೆಯ ಹಳೇ ಹೆಂಗಸರು ಗಂಡನ ಹೆಸರನ್ನು ಬಾಯಲ್ಲಿ ಆಡುವುದಿಲ್ಲ. ಕೊನೆಗೆ ಗುಮಾಸ್ತರೇ ಓದಿ ಹೇಳಿ, ಆಕೆ "ಹೂಂ" ಎಂದು, ಕೋರ್ಟಿನಲ್ಲಿ ಎಲ್ಲರೂ ಸ್ವಲ್ಪ ನಕ್ಕರು. ನೋಟು ತೋರಿಸಿದರೆ "ಇದು ಅವರ ಸಹಿ ಅಲ್ರಿ" ಎಂದು ಮೊದಲಿನ ಧೈರ್ಯದಲ್ಲೇ ಹೇಳಿದಳು. ಎದುರಿನ ವಕೀಲರು ಅದನ್ನೇ ತಿರುಗಿಸಿ ಮುರುಗಿಸಿ ಕೇಳಿ ಕೂತರು.

ಸಾಕ್ಷಿ ಹೇಳಿದ್ದು ಟೈಪಾಗಿ ಬಂದ ಮೇಲೆ ಪ್ರತಿ ಹಾಳೆಯ ಕೆಳಗೆ ಸಾಕ್ಷಿದಾರರು ಸಹಿ ಮಾಡಬೇಕು. ವಕಾಲತ್ತಿಗೆ ಆಕೆ ಬರೀ ತನ್ನ ಹೆಸರು ಬರೆದಿದ್ದಳು. ಅಂದು ಗುಮಾಸ್ತರು "ಪೂರ್ತಿ ಹೆಸರು ಬರೀರಿ" ಎಂದರು. ನಮ್ಮಲ್ಲಿ ಪೂರ್ತಿ ಹೆಸರೆಂದರೆ ಮೊದಲು ತನ್ನದು, ನಡುವೆ ಗಂಡನದು, ಕೊನೆಗೆ ಅಡ್ಡಹೆಸರು. ಆಕೆ ತನ್ನ ಹೆಸರನ್ನು ಶಾಲೆಯ ಮಕ್ಕಳ ಹಾಗೆ ಒತ್ತಿ ಒತ್ತಿ, ನಿಂತು ನಿಂತು ಬರೆದಳು. ಗಂಡನ ಹೆಸರಿಗೆ ಬಂದಾಗ ಪೆನ್ನು ಓಡಿತು. ಒಂದೇ ಎಳೆ, ಎಲ್ಲಿಯೂ ತಡೆಯಿಲ್ಲ, ಕೊನೆಗೆ ಹಿಂದಕ್ಕೆ ತಿರುಗಿ ಸಣ್ಣ ಕುಣಿಕೆ. ಎರಡನೇ ಹಾಳೆಯಲ್ಲೂ ಹಾಗೇ. ಎದುರಿನ ವಕೀಲರು ತಮ್ಮ ಫೈಲು ಕಟ್ಟುತ್ತಿದ್ದರು. ನಾನು ಸರ್ ಮುಖ ನೋಡಿದೆ. ಅವರು ಆ ಹಾಳೆಯನ್ನು ನೋಡುತ್ತಿದ್ದರು, ಈ ಸಲ ತಲೆಕೆಳಗು ಮಾಡದೆ, ನೆಟ್ಟಗೇ.

ಆಫೀಸಿಗೆ ಬಂದು ಬಾಗಿಲು ಹಾಕಿಸಿದರು. ಆಕೆಯನ್ನು ಕೂರಿಸಿ, ನೀರು ಕೊಟ್ಟು, ಅವರಿಗೆ ಅಭ್ಯಾಸವೇ ಇಲ್ಲದ ಮೆತ್ತಗಿನ ದನಿಯಲ್ಲಿ ಕೇಳಿದರು.

"ಯವ್ವಾ, ನೇಯ್ದ ಸೀರಿ ಸಂಘಕ್ಕ ಕೊಡಾಕ ಯಾರು ಹೋಗತಿದ್ರಿ?"

"ನಾನ ಹೋಗತಿದ್ನಿರಿ. ಅವರು ಮಗ್ಗ ಬಿಟ್ಟು ಏಳತಿರಲಿಲ್ಲ. ಅವರು ಎದ್ರ ಆ ಹೊತ್ತಿನ ಕೂಲಿ ಹೋತಲ್ರಿ."

"ಅಲ್ಲೆ ಬುಕ್ಕಿನಾಗ ಸಹಿ?"

"ನಾನ ಮಾಡತಿದ್ದೆ. ಅವರ ಹೆಸರಿಲೆ. ನಮ್ಮ ಓಣ್ಯಾಗ ಎಲ್ಲಾ ಹೆಣಮಕ್ಕಳೂ ಹಂಗ ಮಾಡ್ತೇವ್ರಿ. ಯಾರೂ ಏನೂ ಅನ್ನೂದಿಲ್ಲ."

"ಬ್ಯಾಂಕಿಂದು?"

"ಪಾರಂ ಮನಿಗೇ ಬಂದಿತ್ತು. ಅವರು ಕುಣ್ಯಾಗ ಕುಂತು, ನೀನ ಮಾಡಿ ಕೊಡು ಅಂದ್ರು."

ಇದೆಲ್ಲವನ್ನೂ ಆಕೆ ಅಕ್ಕಿ ಆರಿಸಿದ್ದು ಹೇಳಿದಷ್ಟು ಸಹಜವಾಗಿ ಹೇಳಿದಳು. ಅದರಲ್ಲಿ ಮುಚ್ಚಿಡುವಂಥದ್ದು ಏನಾದರೂ ಇದೆ ಎಂದು ಆಕೆಗೆ ಅನ್ನಿಸಿಯೇ ಇರಲಿಲ್ಲ. ಸರ್ ನೋಟಿನ ನಕಲನ್ನು ಆಕೆಯ ಮುಂದಿಟ್ಟರು.

"ಹಂಗಾದ್ರ ನಿನ್ನ ಗಂಡ ತಾನ ಸಹಿ ಮಾಡಿದ್ರ ಅದು ಹೆಂಗಿರತಿತ್ತು? ನೀ ಎಂದಾರ ನೋಡೀಯೇನು?"

ಆಕೆ ನೆನಪು ಮಾಡಿಕೊಳ್ಳುತ್ತ, "ಲಗ್ನ ಆದ ಹೊಸದಾಗಿ ನಮ್ಮಪ್ಪಗ ಒಂದು ಪತ್ರ ಬರದಿದ್ರು," ಎಂದಳು. "ಅಕ್ಷರ ಬಿಡಿಬಿಡಿ ಇದ್ದವು. ಒಂದೊಂದ ಇಟ್ಟಂಗ." ಆಮೇಲೆ ಆಕೆಯ ಮುಖ ಬದಲಾಯಿತು. "ಅಯ್ಯ ಶಿವನ. ಅವರಿಗೆ ಸಹಿ ಬರತಿತ್ತು ಅನ್ನೂದ ನನಗ ಮರತಿತ್ರಿ."

ನೋಟು ಖರೆ. ನೇಕಾರ ಅಂಗಡಿಗೆ ಹೋಗಿ, ಹೆಂಡತಿಗೆ ಹೇಳದೆ ಸಾಲ ಇಸಿದುಕೊಂಡು, ತನ್ನ ಕೈಯಾರೆ ಸಹಿ ಮಾಡಿದ್ದ. ಖೊಟ್ಟಿ ಇದ್ದದ್ದು ನಾವೆಲ್ಲ ಖರೆ ಎಂದು ಒಪ್ಪಿಕೊಂಡು ಹೋಲಿಸಲು ಕೊಟ್ಟ ಸಹಿಗಳು. ಆಕೆ ಅಳತೊಡಗಿದಳು. ಹೊರಗೆ ಹೋಗಿ ಅಳು ಎಂದು ಸರ್ ಹೇಳಲಿಲ್ಲ. "ನನಗ ಯಾಕ ಹೇಳಲಿಲ್ಲ ಅವರು? ಏನ್ ಕಷ್ಟ ಇತ್ತು?" ಎಂದು ಆಕೆ ನನ್ನನ್ನು ಕೇಳಿದಳು. ನನಗೇನು ಗೊತ್ತು?

ಮತ್ತೊಮ್ಮೆ ಕಟಕಟೆ ಹತ್ತಿ ಇದ್ದದ್ದು ಇದ್ದ ಹಾಗೆ ಹೇಳು ಎಂದರು ಸರ್. ಹೇಳಿದರೆ ಏನ್ರಿ ಆಗತೈತಿ ಎಂದು ಆಕೆ ಕೇಳಿದಳು. ಮನೆ ಹೋಗಬಹುದು ಎಂದರು. ಆಕೆಗೆ ಅದಕ್ಕಿಂತ ದೊಡ್ಡದೊಂದು ಹೆದರಿಕೆ ಹುಟ್ಟಿತ್ತು. ಸಂಘದ ಸಾಲ, ಮನೆ ಕಟ್ಟಲು ಬಂದ ಹಣ, ಎಲ್ಲ ಬಂದದ್ದು ಆಕೆಯ ಕೈಯ ಆ ಸಹಿಯ ಮೇಲೆಯೇ.

"ನನ್ನ ಮ್ಯಾಲ ಕೇಸ್ ಆಗತೈತೇನ್ರಿ?"

"ಆಗಬಹುದು. ನಾ ನಿನಗ ಸುಳ್ಳ ಹೇಳೂದಿಲ್ಲ."

"ಹಂಗಾದ್ರ ನಾ ಹೇಳೂದಿಲ್ರಿ," ಎಂದು ಆಕೆ ಕಣ್ಣೊರೆಸಿಕೊಂಡಳು. "ನೀವು ಹೇಳ್ತೀರೇನು?"

"ನಾ ಹೇಳಾಂಗಿಲ್ಲ. ಪಕ್ಷಗಾರ ಹೇಳಿದ್ದು ವಕೀಲನ ಹೊಟ್ಯಾಗ ಸಾಯಬೇಕು."

ಆಕೆ ಹೋದ ಮೇಲೆ ನಾನು ಜಗಳಕ್ಕೇ ನಿಂತೆ. ವಕಾಲತ್ತು ಬಿಟ್ಟುಬಿಡಿ ಎಂದೆ. "ಬಿಟ್ರ ಬ್ಯಾರೆಯಾಂವ ಬಂದು ಗೆಲ್ಲತಾನ. ನನಗ ಗೊತ್ತಾತಲ್ಲ, ಅದನ್ನ ಎಲ್ಲಿ ಬಿಡ್ಲಿ?" ಎಂದರು. ಮರುದಿನ ತಾವೇ ಎದುರಿನ ವಕೀಲರ ಹತ್ತಿರ ಹೋದರು. ಅರ್ಧ ಹಣ ಕಂತಿನಲ್ಲಿ ಕೊಡಿಸುತ್ತೇನೆ, ರಾಜಿ ಮಾಡಿಕೊಳ್ಳಿ ಎಂದರು. ನೇಕಾರನ ಹೆಂಡತಿ ಅದಕ್ಕೆ ಒಪ್ಪಿದ್ದಳು. ಅಂಗಡಿಯವನ ಮಗಳು ಒಪ್ಪಲಿಲ್ಲ.

"ಅರ್ಧಾ ಇಸಗೊಂಡ್ರ ನಮ್ಮಪ್ಪ ಅರ್ಧಾ ಖೊಟ್ಟಿ ಅಂದಂಗಾತು," ಎಂದಳಂತೆ. "ನೋಟು ಖರೆ ಐತಿ ಅಂತ ಆಕಿ ಒಂದ ಮಾತು ಬರದು ಕೊಡ್ಲಿ. ನನಗ ಒಂದು ಪೈ ಬ್ಯಾಡ."

ಆ ಒಂದು ಮಾತನ್ನೇ ನಮ್ಮವಳು ಕೊಡುವ ಹಾಗಿರಲಿಲ್ಲ. ನೋಟು ಖರೆ ಎಂದರೆ, ಹಾಗಾದರೆ ಬ್ಯಾಂಕಿನ ಸಹಿ ಯಾರದು ಎಂಬ ಪ್ರಶ್ನೆ ತಾನಾಗಿ ಏಳುತ್ತಿತ್ತು.

ಕೊನೆಯ ವಾದದ ದಿನ ಸರ್ ಮೇಜು ಗುದ್ದಲಿಲ್ಲ. ಸಹಿ ಸಾಬೀತು ಮಾಡುವ ಹೊಣೆ ದಾವಾ ಹಾಕಿದವರದು, ಅವರು ಸಾಬೀತು ಮಾಡಿಲ್ಲ, ಇಷ್ಟು ಹೇಳಿ ಕೂತರು. ನ್ಯಾಯಾಧೀಶರಿಗೆ ಆಶ್ಚರ್ಯವಾಗಿರಬೇಕು. "ಖೊಟ್ಟಿ ಅಂತ ನಿಮ್ಮ ವಾದ ಅಲ್ಲವೇ?" ಎಂದು ಕೇಳಿದರು. "ಸಾಬೀತಾಗಿಲ್ಲ ಅಂತ ನನ್ನ ವಾದ, ಸ್ವಾಮಿ," ಎಂದರು ಸರ್, ಎದ್ದು ನಿಂತು. ಆದರೆ ಕಾಗದದ ಮೇಲೆ ತಜ್ಞರ ವರದಿ ಇತ್ತು, ಮೊದಲಿನ ಪಾಟಿಸವಾಲಿನಲ್ಲಿ ಸರ್ ಆಡಿದ್ದ ಮಾತೂ ಇತ್ತು. ಇದ್ದ ಕಾಗದ ನೋಡಿ ಯಾರಾದರೂ ಬರೆಯಬಹುದಾದದ್ದನ್ನೇ ನ್ಯಾಯಾಧೀಶರು ಬರೆದರು: ನೋಟು ಸಾಲ ಕೊಟ್ಟನೆಂಬ ಮೃತ ವ್ಯಕ್ತಿಯೇ ಸೃಷ್ಟಿಸಿದ ದಾಖಲೆ ಎಂದು ಕಾಣುತ್ತದೆ. ದಾವಾ ವಜಾ.

ನಾನು ಯಾರ ಹೆಸರನ್ನೂ ಇಲ್ಲಿ ಹಾಕದಿರುವುದು, ಗುರುತು ಹತ್ತುವಂಥ ವಿವರಗಳನ್ನು ಅದಲುಬದಲು ಮಾಡಿರುವುದು ಇದಕ್ಕಾಗಿಯೇ. ವಕೀಲರು ಸತ್ತರೂ ಪಕ್ಷಗಾರರ ಮಾತು ಸಾಯುವುದಿಲ್ಲ. ಅದರ ಕಾವಲು ಈಗ ನನ್ನ ಪಾಲಿಗೆ ಬಂದಿದೆ.

ತೀರ್ಪಿನ ಪ್ರತಿ ಸಿಕ್ಕ ದಿನ ಅಂಗಡಿಯವನ ಮಗಳು ನಮ್ಮ ಆಫೀಸಿಗೇ ಬಂದಳು. ಎದುರು ಪಕ್ಷದವರು ಹಾಗೆ ಬರುವುದಿಲ್ಲ. ನಾನು ಎದ್ದು ನಿಂತೆ. ಸರ್ ಕುರ್ಚಿ ತೋರಿಸಿದರು, ಅವಳು ಕೂರಲಿಲ್ಲ.

"ಓಣ್ಯಾಗ ಖೊಟ್ಟಿ ನೋಟಿನಾಂವನ ಅಂಗಡಿ ಅಂತಾರ್ರಿ," ಎಂದಳು. ದನಿ ಏರಿಸಲಿಲ್ಲ. "ಕೇಸು ಮುಗೀತು. ನಿಮಗ ಭಾಳ ಸಹಿ ನೋಡಿ ಗೊತ್ತೈತಿ ಅಂತಾರ. ನೀವರ ಹೇಳ್ರಿ. ನಮ್ಮಪ್ಪ ಖೊಟ್ಟಿ ಮಾಡಿದ್ನೇನು?"

"ಇಲ್ಲ, ತಂಗಿ," ಎಂದರು ಸರ್. "ನಿಮ್ಮಪ್ಪ ಅಂಥಾಂವ ಅಲ್ಲ."

ಅವರು ಅಷ್ಟು ಹೇಳಿಯಾರೆಂದು ನಾನು ಎಣಿಸಿರಲಿಲ್ಲ. ಅವಳೂ ಎಣಿಸಿರಲಿಲ್ಲ. ಚೀಲದಿಂದ ಅಂಗಡಿಯ ಬಿಲ್ ಬುಕ್ಕು ತೆಗೆದು, ಒಂದು ಖಾಲಿ ಹಾಳೆ ಹರಿದು ಅವರ ಮುಂದಿಟ್ಟಳು.

"ಹಂಗಿದ್ರ ಅದನ್ನ ಇದರ ಮ್ಯಾಲ ಬರದು ಸಹಿ ಮಾಡಿ ಕೊಡ್ರಿ. ಅಪ್ಪನ ಹೆಸರಿನ ಬೋರ್ಡಿನ ಕೆಳಗ ಅಂಟಸ್ತೇನಿ. ಬ್ಯಾರೆ ಏನೂ ಬ್ಯಾಡ."

ಸರ್ ಪೆನ್ನು ತೆಗೆದರು. ನಿಬ್ಬು ತಾಗಿತು, ಕಾಗದ ಒಂದು ಚುಕ್ಕೆಯಷ್ಟು ಮಸಿ ಹೀರಿಕೊಂಡಿತು. ಬರೆದರೆ ಅವರ ವಕೀಲಿಕೆಯ ಸನದು ಹೋಗುತ್ತಿತ್ತು. ಅದು ಹೋದರೆ ಹೋಗಲಿ ಎಂದುಕೊಂಡರೆಂದೇ ನನಗೆ ಅನ್ನಿಸಿತು, ಅಷ್ಟು ಹೊತ್ತು ಹಿಡಿದಿದ್ದರು. ಆದರೆ ಆ ಕಾಗದ ಹಿಡಿದು ಪೊಲೀಸರು ನೇರ ಹೋಗುತ್ತಿದ್ದುದು ನೇಕಾರನ ಮನೆಗೆ. ಅವರು ಪೆನ್ನು ಮುಚ್ಚಿ ಕೆಳಗಿಟ್ಟರು.

"ಸತ್ತವರ ಸಹಿ ಸಲುವಾಗಿ ಇಡೀ ಜಲ್ಮ ಗುದ್ದಾಡಿದ್ರಿ," ಎಂದಳು ಅವಳು. "ನೀವು ಜೀವಂತ ಕುಂತೀರಿ ನನ್ನ ಮುಂದ. ನಿಮ್ಮ ಸಹಿ ಸಿಗವಲ್ದು."

"ಸಿಗೂದಿಲ್ಲ, ತಂಗಿ," ಎಂದರು.

ಅವಳು ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಇಲಕಲ್ಲಿನ ಬಸ್ಸಿಗೆ ಹೋದಳು.

ಕೆಲವು ದಿನ ಬಿಟ್ಟು ನಾನು ಬೇರೆ ಕೆಲಸಕ್ಕೆ ಇಲಕಲ್ಲಿಗೆ ಹೋಗಿ ಬಂದೆ. ನಾನು ಹೋಗಿದ್ದು ಸರ್‌ಗೆ ಗೊತ್ತಿತ್ತು. ಬೆಳಿಗ್ಗೆ ಆಫೀಸಿಗೆ ಬಂದವರು ಕೋಟು ತೆಗೆಯದೆ ಕೇಳಿದರು.

"ಅಂಗಡಿ ತಗದಿತ್ತೇನು?"

"ತಗದಿತ್ರಿ."

"ಬೋರ್ಡು?"

"ಬೋರ್ಡ್ ಐತ್ರಿ ಸರ್. ಅವರಪ್ಪನ ಹೆಸರಿನ ಮ್ಯಾಲ ಬಣ್ಣ ಹಚ್ಚಿಬಿಟ್ಟಾಳ. ಬರೇ ನೂಲಿನ ಅಂಗಡಿ ಅಂತ ಐತಿ."

ಅವರು ಕೋಟು ತೆಗೆದು ಗೂಟಕ್ಕೆ ಹಾಕಿದರು. ಹೊರಗಿನ ಬೆಂಚಿನ ಮೇಲೆ ಬದಾಮಿ ಕಡೆಯ ಒಬ್ಬ ಕಾಯುತ್ತ ಕೂತಿದ್ದ. ಒಳಗೆ ಬಂದು, ಅಪ್ಪ ಸತ್ತಿದ್ದಾನೆ, ಕೊಟ್ಟವರೂ ಸತ್ತಿದ್ದಾರೆ, ಈ ಸಹಿ ಅಪ್ಪನದು ಅಲ್ಲ, ನೋಡ್ರಿ ಸಾಹೇಬ್ರ ಎಂದು ನೋಟಿನ ನಕಲನ್ನು ಮುಂದೆ ಚಾಚಿದ. ಸರ್ ಅದನ್ನು ಮುಟ್ಟಲಿಲ್ಲ.

"ಬ್ಯಾರೆ ವಕೀಲರಿಗೆ ತೋರಸಪಾ," ಎಂದರು. "ನನಗ ಕಣ್ಣು ಕಾಣಸೂದಿಲ್ಲ."

ಅವರ ಕಣ್ಣಿಗೆ ಏನೂ ಆಗಿರಲಿಲ್ಲ. ಸಾಯುವವರೆಗೂ ಕನ್ನಡಕವಿಲ್ಲದೆ ಪೇಪರು ಓದುತ್ತಿದ್ದರು.